ಕಥೆಯೊಂದು, ಲೇಖನಿಗಳೆರಡು

“ಹತ್ತು ಮಂದಿ ಸೇರಿದಲ್ಲಿ ಹಾವು ಸಾಯದು” ಎಂದು ನಮ್ಮ ಹಿರಿಯರು ಹೇಳಿದರು. “ಒಂದು ಕೈಯಿಂದ ಚಪ್ಪಾಳೆಯಾಗದು” ಎಂದವರೂ ಅವರೇ. ಈ ಎರಡು ಗಾದೆಗಳಲ್ಲಿ ಯಾವುದನ್ನು ನಂಬಬೇಕು? ಹಾವು ಹೊಡೆಯುವವರಿಗೆ ಮೊದಲನೆಯದು, ಹಾಡಿಗೆ ತಾಳ ಹಾಕುವವರಿಗೆ ಎರಡನೆಯದು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಕಥೆ ಬರೆಯುವವರ ಪಾಡೇನು? ಕಥೆಯೆಂಬುದು ಏಕಾಂತದ ಫಲವೆಂದೂ, ಬಾಗಿಲು ಮುಚ್ಚಿಕೊಂಡು ಕುಳಿತ ಒಬ್ಬನೇ ಒಬ್ಬನ ತಪಸ್ಸೆಂದೂ ನಾವು ನಂಬಿ ಬಂದಿದ್ದೇವೆ. ಇಬ್ಬರು ಕೂಡಿ ಒಂದು ಕಥೆ ಬರೆಯುವುದೆಂದರೆ ಒಂದೇ ಒಲೆಯ ಮೇಲೆ ಇಬ್ಬರು ಅಡುಗೆಯವರು ಸಾರು ಮಾಡಿದಂತೆ, ಉಪ್ಪು ಎರಡು ಸಲ ಬಿದ್ದೀತು ಅಥವಾ ಬೀಳದೆಯೇ ಹೋದೀತು ಎಂಬ ಭಯ ಸಹಜವಾದುದೇ.

ಆದರೂ ಇಬ್ಬರು ಕೂಡಿ ಬರೆಯುವ ಆಸೆ ಇಂದು ಹೆಚ್ಚುತ್ತಿದೆ. ಅದರಲ್ಲಿಯೂ ತಾವು ಮೆಚ್ಚಿದ ಕಾದಂಬರಿಯ ಪಾತ್ರಗಳನ್ನೇ ಎತ್ತಿಕೊಂಡು, “ಮುಂದೇನಾಯಿತು?” “ಹೀಗಾಗಿದ್ದರೆ?” ಎಂದು ಕಥೆಯನ್ನು ಬೆಳೆಸುವ ಹವ್ಯಾಸವೊಂದು ತರುಣ ತರುಣಿಯರಲ್ಲಿ ಕಾಣುತ್ತಿದೆ. ಇದಕ್ಕೆ ಪಶ್ಚಿಮದವರು ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ನಾವು ಅಭಿಮಾನಿ ಕಥೆ ಎಂದು ಕರೆಯೋಣ. ಅಮೆರಿಕೆಯಲ್ಲಿ ‘ಸ್ಟಾರ್ ಟ್ರೆಕ್’ ಎಂಬ ದೂರದರ್ಶನ ಮಾಲಿಕೆಯ ಅಭಿಮಾನಿಗಳು 1967ರಲ್ಲಿ ‘ಸ್ಪಾಕನೇಲಿಯ’ ಎಂಬ ಪತ್ರಿಕೆಯನ್ನು ತಾವೇ ಹೊರತಂದರು. ಈ ಹವ್ಯಾಸದ ಚರಿತ್ರೆಯನ್ನು ಹಲವರು ಅಲ್ಲಿಂದಲೇ ಆರಂಭಿಸುತ್ತಾರೆ. ಕನ್ನಡದ ಓದುಗನಿಗೆ ಇದನ್ನು ಕೇಳಿ ನಗು ಬಂದರೆ ತಪ್ಪಲ್ಲ. ಏಕೆಂದರೆ ನಮ್ಮಲ್ಲಿ ಈ ಕಸುಬು ಸಾವಿರ ವರ್ಷಗಳಷ್ಟು ಹಳೆಯದು.

ಭೀಮ ನಮ್ಮೂರಿಗೂ ಬಂದಿದ್ದ

ಚಿಂತಾಮಣಿ ತಾಲ್ಲೂಕಿನ ಕೈವಾರಕ್ಕೆ ಹೋದವರು ಅಲ್ಲಿಯ ಜನರನ್ನು ಕೇಳಿ ನೋಡಿ. ಮಹಾಭಾರತದ ಏಕಚಕ್ರನಗರ ಬೇರೆಲ್ಲಿಯೂ ಇಲ್ಲ, ಕೈವಾರವೇ ಅದು ಎನ್ನುತ್ತಾರೆ. ಭೀಮ ಬಕಾಸುರನನ್ನು ಕೊಂದದ್ದು ಇಲ್ಲಿಯೇ, ಅವನನ್ನು ನೂಕಿದ್ದು ಈ ಬೆಟ್ಟದ ಗವಿಯೊಳಗೇ ಎನ್ನುತ್ತಾರೆ. ಭೀಮೇಶ್ವರನ ಗುಡಿಯನ್ನು ಸಾಕ್ಷಿಗೆ ನಿಲ್ಲಿಸುತ್ತಾರೆ. ವ್ಯಾಸರು ಬಿಟ್ಟ ಜಾಗದಲ್ಲಿ ಊರಿನವರು ತಮ್ಮ ಬೆಟ್ಟವನ್ನು ತಂದಿಟ್ಟರು. ಇದನ್ನು ಬರೆದವನು ಒಬ್ಬನೆಂದು ಹೇಳುವಂತಿಲ್ಲ. ಅಜ್ಜಿ ಹೇಳಿದ್ದಕ್ಕೆ ಮಗಳು ಸೇರಿಸಿದಳು, ಮಗಳು ಹೇಳಿದ್ದಕ್ಕೆ ಮೊಮ್ಮಗ ಸೇರಿಸಿದ. ಆದರೂ ಭೀಮ ಭೀಮನಾಗಿಯೇ ಉಳಿದ. ಕೂಡಿ ಕಟ್ಟುವ ಅಭಿಮಾನಿ ಕಥೆಯ ಮೊದಲ ನಿಯಮ ಇಲ್ಲಿಯೇ ಇದೆ: ಜಾಗ ನಿಮ್ಮದಾಗಬಹುದು, ಸ್ವಭಾವ ಮಾತ್ರ ಮೂಲದ್ದೇ ಆಗಿರಬೇಕು.

ಕವಿಗಳ ವಿಷಯಕ್ಕೆ ಬರೋಣ. ಕುಮಾರವ್ಯಾಸನು ಭಾರತವನ್ನು ಗದಾಪರ್ವದವರೆಗೆ, ಹತ್ತು ಪರ್ವಗಳಲ್ಲಿ ಹಾಡಿ ನಿಲ್ಲಿಸಿದ. ಉಳಿದ ಪರ್ವಗಳನ್ನು ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿಯು ಪೂರ್ಣಗೊಳಿಸಿದ. ಅವನು ಆರಿಸಿಕೊಂಡ ಛಂದಸ್ಸು ಕುಮಾರವ್ಯಾಸನದೇ ಆದ ಭಾಮಿನಿ ಷಟ್ಪದಿ. ತನಗೆ ಒಗ್ಗಿದ ಬೇರೊಂದು ಮಟ್ಟನ್ನು ಹಿಡಿಯುವ ಸ್ವಾತಂತ್ರ್ಯ ಅವನಿಗಿರಲಿಲ್ಲವೆ? ಇತ್ತು. ಆದರೆ ಮುಂದುವರಿಸುವವನು ಮೊದಲಿನವನ ಹೆಜ್ಜೆಯ ಅಳತೆಯನ್ನು ಗೌರವಿಸಬೇಕೆಂಬ ವಿವೇಕವೂ ಇತ್ತು.

ಇನ್ನೂ ಸೋಜಿಗದ ಉದಾಹರಣೆ ಶೂನ್ಯಸಂಪಾದನೆಯದು. ವಚನಗಳನ್ನು ನುಡಿದ ಶರಣರು 12ನೆಯ ಶತಮಾನದವರು. ಆ ವಚನಗಳನ್ನೇ ಆರಿಸಿ ಹೊಂದಿಸಿ, ಅಲ್ಲಮ, ಅಕ್ಕ, ಬಸವಣ್ಣ, ಸಿದ್ಧರಾಮರನ್ನು ಎದುರುಬದುರು ಕೂರಿಸಿ ಮಾತನಾಡಿಸಿದ ಕೃತಿಯನ್ನು ಮೊದಲು ರಚಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಅದನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯರು ಒಬ್ಬರಾದ ಮೇಲೊಬ್ಬರು ತಿದ್ದಿದರು, ಬೆಳೆಸಿದರು. ಇವರಾರೂ ಒಂದೇ ಚಾಪೆಯ ಮೇಲೆ ಕುಳಿತು ಸಮಾಲೋಚನೆ ನಡೆಸಿದವರಲ್ಲ. ಆದರೂ ನಾಲ್ಕು ಕೈಗಳ ಕೆಲಸ ಒಂದೇ ಪರಂಪರೆಯಾಗಿ ನಿಂತಿತು. ಮೂಲದ ಮೇಲಣ ಭಕ್ತಿ ನಾಲ್ವರಿಗೂ ಸಮಾನವಾಗಿದ್ದುದೇ ಅದಕ್ಕೆ ಕಾರಣ.

ನೆರೆಮನೆಯ ಪಾಠ

ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಕಡೆ ಕನ್ನಡದೊಡನೆ ತೆಲುಗೂ ಕಿವಿಗೆ ಬೀಳುತ್ತದೆ. ಆದುದರಿಂದ ನೆರೆಮನೆಯ ಪಾಠವನ್ನೂ ಕೇಳುವುದು ನ್ಯಾಯ. ತೆಲುಗು ಮಹಾಭಾರತವನ್ನು ಬರೆದವರು ಮೂವರು. 11ನೆಯ ಶತಮಾನದ ನನ್ನಯನು ಅರಣ್ಯಪರ್ವದ ನಡುವೆ ನಿಲ್ಲಿಸಿದ. 13ನೆಯ ಶತಮಾನದ ತಿಕ್ಕನನು ಆ ಅರೆಬರೆಯನ್ನು ಮುಟ್ಟದೆ ವಿರಾಟಪರ್ವದಿಂದ ಮೊದಲುಮಾಡಿ ಕೊನೆಯವರೆಗೂ ಬರೆದ. ನಡುವಿನ ಕಂದಕವನ್ನು 14ನೆಯ ಶತಮಾನದಲ್ಲಿ ಎರ್ರನನು ತುಂಬಿದ. ಅವನ ಶೈಲಿ ಆರಂಭದಲ್ಲಿ ನನ್ನಯನಂತೆ ಹೊರಟು, ಬರಬರುತ್ತ ತಿಕ್ಕನನಂತೆ ಆಗುತ್ತದೆಂದು ರಸಿಕರು ಮೆಚ್ಚುತ್ತಾರೆ. ತಾನು ಬರೆದ ಭಾಗವನ್ನು ನನ್ನಯನ ದೊರೆಯಾದ ರಾಜರಾಜ ನರೇಂದ್ರನಿಗೇ ಅವನು ಅರ್ಪಿಸಿದ. ಸೇತುವೆ ಕಟ್ಟುವವನು ಎರಡು ದಡಗಳನ್ನೂ ನೋಡಬೇಕು, ತನ್ನ ಹೆಸರಿನ ಕಲ್ಲನ್ನು ನಡುವೆ ನೆಟ್ಟು ದಾರಿಹೋಕರನ್ನು ಎಡವಿಸಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಇವರು ಬೇರೆ ಬೇರೆ ಕಾಲದವರು, ಜಗಳವಾಡಲು ಅವಕಾಶವೇ ಇರಲಿಲ್ಲ ಎನ್ನುವಿರಾ? ಹಾಗಾದರೆ ತಿರುಪತಿ ವೆಂಕಟ ಕವಿಗಳನ್ನು ನೋಡಿ. ದಿವಾಕರ್ಲ ತಿರುಪತಿ ಶಾಸ್ತ್ರಿ, ಚೆಳ್ಳಪಿಳ್ಳ ವೆಂಕಟ ಶಾಸ್ತ್ರಿ ಎಂಬ ಇಬ್ಬರು ಒಂದೇ ಗುರುವಿನ ಶಿಷ್ಯರು. ಊರೂರು ಅಲೆದು ಅವಧಾನಗಳನ್ನು ಮಾಡಿ, ಕೂಡಿಯೇ ಗ್ರಂಥಗಳನ್ನು ರಚಿಸಿದರು. ತಮ್ಮನ್ನು ಸೋಲಿಸುವ ಕವಿ ಬಂದರೆ ಬೋಳಿಸುತ್ತೇವೆಂದು ಪಂಥ ಕಟ್ಟಿ ಇಬ್ಬರೂ ಮೀಸೆ ಬೆಳೆಸಿದ್ದರೆಂಬುದು ಪ್ರಸಿದ್ಧವಾದ ಸಂಗತಿ! ಪಾಂಡವರ ಕಥೆಯನ್ನು ಕುರಿತ ಅವರ ನಾಟಕಗಳ ಪದ್ಯಗಳು ತೆಲುಗು ರಂಗಭೂಮಿಯಲ್ಲಿ ಇಂದಿಗೂ ಜನರ ಬಾಯಲ್ಲಿವೆ. ಇಬ್ಬರಲ್ಲಿ ಯಾವ ಪದ್ಯ ಯಾರದೆಂಬ ಲೆಕ್ಕವನ್ನು ಅವರು ಓದುಗರ ಮುಂದೆ ಹರಡಲಿಲ್ಲ. ತಿರುಪತಿ ಶಾಸ್ತ್ರಿಗಳು ಮೊದಲು ತೀರಿಕೊಂಡರು. ವೆಂಕಟ ಶಾಸ್ತ್ರಿಗಳು 1950ರವರೆಗೆ ಬಾಳಿದರು. ಗೆಳೆಯ ಹೋದ ಮೇಲೂ ಬರೆದುದಕ್ಕೆ ಜೋಡಿಹೆಸರನ್ನೇ ಇಡುತ್ತಿದ್ದರು. ಕೂಡಿ ಬರೆಯುವುದೆಂದರೆ ಹಾಳೆಯನ್ನು ಹಂಚಿಕೊಳ್ಳುವುದಷ್ಟೇ ಅಲ್ಲ, ಹೆಸರನ್ನು ಹಂಚಿಕೊಳ್ಳುವುದು ಎಂದು ಅವರು ತೋರಿಸಿದರು.

ಷರ್ಲಾಕ್ ಹೋಮ್ಸನ ಮರುಹುಟ್ಟು

ಇಂಗ್ಲಿಷಿನಲ್ಲಿ ‘ಎಲರಿ ಕ್ವೀನ್’ ಎಂಬ ಪತ್ತೇದಾರಿ ಲೇಖಕ ಒಬ್ಬನಲ್ಲ, ಇಬ್ಬರು. ಫ್ರೆಡರಿಕ್ ಡ್ಯಾನೆ ಮತ್ತು ಮ್ಯಾನ್‌ಫ್ರೆಡ್ ಲೀ ಎಂಬ ಬಂಧುಗಳು. ಇವರ ಮೊದಲ ಕಾದಂಬರಿ 1929ರಲ್ಲಿ ಬಂದಿತು. ಕಥೆಯ ಹಂದರ, ಸುಳಿವುಗಳ ಜೋಡಣೆ ಡ್ಯಾನೆಯ ಪಾಲು. ಅದಕ್ಕೆ ಮಾತಿನ ಮೈ ತುಂಬುವುದು ಲೀಯ ಪಾಲು. ಪತ್ರಗಳಲ್ಲಿ ಇಬ್ಬರೂ ಬಿಸಿಬಿಸಿಯಾಗಿ ಕಾದಾಡುತ್ತಿದ್ದರು. ಆದರೆ ಕಾದಾಟವೆಲ್ಲ ಪತ್ರದಲ್ಲಿ ಮುಗಿಯುತ್ತಿತ್ತು, ಪುಸ್ತಕದಲ್ಲಿ ಓದುಗನಿಗೆ ಕಾಣುತ್ತಿದ್ದವನು ಒಬ್ಬನೇ ಎಲರಿ ಕ್ವೀನ್.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು 1954ರ ಒಂದು ಪುಸ್ತಕ. ಷರ್ಲಾಕ್ ಹೋಮ್ಸನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯಲ್ 1930ರಲ್ಲಿ ತೀರಿಕೊಂಡಿದ್ದ. ಅವನ ಮಗ ಏಡ್ರಿಯನ್, ಪತ್ತೇದಾರಿ ಕಾದಂಬರಿಕಾರ ಜಾನ್ ಡಿಕ್ಸನ್ ಕಾರ್‌ನೊಡನೆ ಸೇರಿ ಹೋಮ್ಸನ ಹನ್ನೆರಡು ಹೊಸ ಕಥೆಗಳನ್ನು ಹೊರತಂದ. ಅವರ ಯುಕ್ತಿ ಮೆಚ್ಚತಕ್ಕದ್ದು. ಮೂಲ ಕಥೆಗಳಲ್ಲಿ ಡಾಕ್ಟರ್ ವಾಟ್ಸನ್ ಅಲ್ಲಲ್ಲಿ ಹೆಸರಿಸಿ ಬಿಟ್ಟುಬಿಟ್ಟಿದ್ದ ಪ್ರಕರಣಗಳಿವೆ. ಅವನ್ನೇ ಎತ್ತಿಕೊಂಡು ಕಥೆ ಹೆಣೆದರು. ಮೂಲಕರ್ತೃ ತಾನೇ ತೆರೆದಿಟ್ಟು ಹೋದ ಬಾಗಿಲಿನಿಂದ ಒಳಹೊಕ್ಕರೆ ಕಳ್ಳತನವಾಗದು, ನೋಡಿ! ಆದರೆ ಈ ಜೋಡಿ ಬಹುಕಾಲ ಬಾಳಲಿಲ್ಲ. ಕಾರ್ ಕಾಯಿಲೆ ಬಿದ್ದ, ಕೊನೆಯ ಆರು ಕಥೆಗಳನ್ನು ಏಡ್ರಿಯನ್ ಒಬ್ಬನೇ ಬರೆದು ಮುಗಿಸಿದ. ಒಬ್ಬರು ಹಿಂದೆ ಸರಿದರೆ ಕೆಲಸದ ಗತಿಯೇನೆಂದು ಮೊದಲೇ ಮಾತನಾಡಿಕೊಳ್ಳುವುದು ಅಪಶಕುನವಲ್ಲ, ಜಾಣತನ.

ಅತ್ತಿಗೆ ನಾದಿನಿಯರ ಕಥೆ

ಇಷ್ಟು ಪೀಠಿಕೆಯಾದ ಮೇಲೆ ಕಾರ್ಯಕ್ರಮವನ್ನು ವಿಚಾರಿಸೋಣ. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಲ್ಲಿ ಒಬ್ಬ ಅತ್ತಿಗೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅವರ ನಾದಿನಿ, ಇಬ್ಬರೂ ಕಾದಂಬರಿಪ್ರಿಯರು ಎಂದಿಟ್ಟುಕೊಳ್ಳೋಣ. ಇಬ್ಬರಿಗೂ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಪ್ರಾಣ. 1967ರಲ್ಲಿ ಪ್ರಕಟವಾದ ಆ ಮಹಾಕಾದಂಬರಿಯಲ್ಲಿ ನಾಯಿಗುತ್ತಿ, ಅವನ ಹುಲಿಯ ಎಂಬ ನಾಯಿ, ಅವನನ್ನು ನಂಬಿ ಹೊರಟ ತಿಮ್ಮಿ ಇವರನ್ನು ಮರೆತ ಓದುಗರಿಲ್ಲ. ಕೊನೆಗೆ ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ಆ ಪುಟಗಳನ್ನು ಓದಿ ಕಣ್ಣೊರೆಸಿಕೊಂಡವರು ಎಷ್ಟೋ ಮಂದಿ.

“ಹುಲಿಯನನ್ನು ಬದುಕಿಸಿಬಿಡೋಣ ಕಣೆ. ಕೆಳಗೆಲ್ಲೋ ದಡ ಸೇರಿ ತಿರುಗಿ ಬಂತು ಅಂತ ಬರೆಯೋಣ” ಎನ್ನುತ್ತಾರೆ ಅತ್ತಿಗೆ.

“ಬೇಡಿ ಅತ್ತಿಗೆ. ಅದು ಬದುಕಿದರೆ ನೀವೂ ನಾನೂ ಅತ್ತದ್ದಕ್ಕೆ ಬೆಲೆಯೇ ಇಲ್ಲದಂತಾಗುತ್ತೆ” ಎನ್ನುತ್ತಾಳೆ ನಾದಿನಿ.

ಇಲ್ಲಿ ಇಬ್ಬರದೂ ಪ್ರೀತಿಯೇ. ಒಬ್ಬರದು ಪಾತ್ರದ ಮೇಲಿನ ಪ್ರೀತಿ, ಇನ್ನೊಬ್ಬರದು ಕೃತಿಯ ಮೇಲಿನ ಪ್ರೀತಿ. ಹೆಚ್ಚಿನ ಜೋಡಿಗಳು ಮುರಿಯುವುದು ಈ ಘಟ್ಟದಲ್ಲಿಯೇ. ಒಬ್ಬರು ಬೇಸರದಿಂದ ಸುಮ್ಮನಾಗುತ್ತಾರೆ, ಇನ್ನೊಬ್ಬರು ಗೆದ್ದೆನೆಂದು ಬರೆಯುತ್ತ ಹೋಗುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಮಾತು ಕಡಿಮೆಯಾಗುತ್ತದೆ. ಕಥೆಯೊಂದು ಕೆಟ್ಟರೆ ಇನ್ನೊಂದು ಬರೆಯಬಹುದು, ಅತ್ತಿಗೆ ನಾದಿನಿಯರ ನಡುವಿನ ಸಲಿಗೆ ಕೆಟ್ಟರೆ ಅದನ್ನು ಯಾವ ಸಂಪಾದಕನೂ ತಿದ್ದಿ ಕೊಡಲಾರ. ಆದುದರಿಂದ ಹಟಕ್ಕೆ ಬೀಳುವ ಮುನ್ನ ಇಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು: “ನಿನಗೆ ನಿಜವಾಗಿ ಬೇಕಾದದ್ದೇನು?”

ಅತ್ತಿಗೆಗೆ ಬೇಕಾದದ್ದು ನಾಯಿಯ ಪುನರ್ಜನ್ಮವಲ್ಲ, ಅದನ್ನು ಯಾರೂ ಮರೆಯಲಿಲ್ಲ ಎಂಬ ಸಮಾಧಾನ. ನಾದಿನಿಗೆ ಬೇಕಾದದ್ದು ನಾಯಿಯ ಸಾವಲ್ಲ, ಆ ಸಾವಿನ ಗೌರವ. ಹೀಗೆ ಬಿಡಿಸಿ ನೋಡಿದ ಮೇಲೆ ಕಥೆ ತಾನಾಗಿಯೇ ಹೊಳೆಯುತ್ತದೆ. ಬಹುದಿನಗಳ ಮೇಲೆ, ಹೊಸ ಬಿಡಾರದಲ್ಲಿ, ತಿಮ್ಮಿ ಪ್ರತಿ ರಾತ್ರಿ ಉಂಡೆದ್ದು ಒಂದು ತುತ್ತನ್ನು ಬಾಗಿಲ ಹೊರಗೆ ಇಟ್ಟು ಬರುತ್ತಾಳೆ. ಗುತ್ತಿ ಅದನ್ನು ಕಂಡೂ ಕಾಣದಂತೆ ಇರುತ್ತಾನೆ. ಒಂದು ದಿನ ತಿಮ್ಮಿಗೆ ಜ್ವರ, ಆ ರಾತ್ರಿ ತುತ್ತನ್ನಿಡುವವನು ಗುತ್ತಿ. ಅಷ್ಟೇ ಕಥೆ. ಹುಲಿಯ ಬದುಕಲೂ ಇಲ್ಲ, ಸಾಯಲೂ ಇಲ್ಲ. ಇಬ್ಬರಲ್ಲಿ ಒಬ್ಬರೇ ಕುಳಿತಿದ್ದರೆ ಈ ಕಥೆ ಹುಟ್ಟುತ್ತಿತ್ತೆ? ಸಂದೇಹ. ಕೂಡಿ ಬರೆಯುವುದರ ಲಾಭ ಶ್ರಮ ಅರ್ಧವಾಗುವುದರಲ್ಲಿ ಇಲ್ಲ. ಇಬ್ಬರಿಗೂ ಹೊಳೆಯದಿದ್ದ ಮೂರನೆಯ ದಾರಿ ಅಲ್ಲಿ ಕಾಣಿಸಿಕೊಳ್ಳುತ್ತದೆ.

ಕೆಲವು ಕಟ್ಟುಪಾಡುಗಳು

ಜೊತೆಗಾರನನ್ನು ಆರಿಸುವಾಗ ನಿಮ್ಮಂತೆಯೇ ಬರೆಯುವವನನ್ನು ಹುಡುಕಬೇಡಿ, ನೀವು ಮೆಚ್ಚಿದುದನ್ನೇ ಮೆಚ್ಚಿದವನನ್ನು ಹುಡುಕಿ. ಒಬ್ಬರಿಗೆ ಸಂಭಾಷಣೆ ಸುಲಭ, ಇನ್ನೊಬ್ಬರಿಗೆ ವರ್ಣನೆ ಸುಲಭ ಎಂದಾದರೆ ಜೋಡಿ ಸೊಗಸು. ಬರೆಯಲು ಕೂರುವ ಮೊದಲು ಇಬ್ಬರೂ ಮೂಲವನ್ನು ಇನ್ನೊಮ್ಮೆ ಓದಬೇಕು. ನೆನಪಿನಲ್ಲಿರುವ ಕಾದಂಬರಿ ಬೇರೆ, ಪುಸ್ತಕದಲ್ಲಿರುವ ಕಾದಂಬರಿ ಬೇರೆ. ಪಾತ್ರಗಳ ವಯಸ್ಸು, ನೆಂಟಸ್ತಿಕೆ, ಊರು, ಅವರಾಡುವ ಮಾತಿನ ರೀತಿ ಇವುಗಳನ್ನು ಒಂದು ನೋಟುಪುಸ್ತಕದಲ್ಲಿ ಗುರುತುಹಾಕಿಕೊಂಡರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ.

ಕೆಲಸದ ಹಂಚಿಕೆಗೆ ಮೂರು ಕ್ರಮಗಳುಂಟು. ಅಧ್ಯಾಯಕ್ಕೊಬ್ಬರಂತೆ ಸರದಿಯಲ್ಲಿ ಬರೆಯುವುದು ಒಂದು. ಎಲರಿ ಕ್ವೀನ್ ಜೋಡಿಯಂತೆ ಒಬ್ಬರು ಹಂದರ ಹಾಕಿ ಇನ್ನೊಬ್ಬರು ಬರೆಯುವುದು ಎರಡು. ಪಾತ್ರಕ್ಕೊಬ್ಬರಂತೆ ಹಂಚಿಕೊಳ್ಳುವುದು ಮೂರು. ಈ ಮೂರನೆಯದಕ್ಕೆ ನಮ್ಮಲ್ಲಿ ಒಂದು ದೊಡ್ಡ ಪಾಠಶಾಲೆಯೇ ಇದೆ. ಅದು ಕರಾವಳಿ ಮಲೆನಾಡುಗಳ, ಕಾಸರಗೋಡಿನ ತಾಳಮದ್ದಳೆ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಕೃಷ್ಣನ ಪಾತ್ರಧಾರಿ, ಕರ್ಣನ ಪಾತ್ರಧಾರಿ ವೇಷವಿಲ್ಲದೆ ಕುಳಿತು, ಬರೆದಿಟ್ಟುಕೊಳ್ಳದ ಮಾತಿನಲ್ಲಿ ಅದರ ಅರ್ಥವನ್ನು ಬೆಳೆಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು ಮೊದಲಾದವರು ಈ ಕಲೆಯಲ್ಲಿ ಹೆಸರಾದ ಅರ್ಥಧಾರಿಗಳು. ಇಲ್ಲಿ ವಾದ ಎಷ್ಟೇ ಏರಲಿ, ಪ್ರಸಂಗದ ಗತಿಯನ್ನು ಮುರಿಯುವಂತಿಲ್ಲ. ಎದುರಾಳಿಗೆ ಮಾತನಾಡಲು ಎಡೆಯನ್ನೇ ಕೊಡದವನು ಎಷ್ಟು ದೊಡ್ಡ ಪಂಡಿತನಾದರೂ ಆ ರಾತ್ರಿಯ ಕೂಟ ಕೆಟ್ಟಂತೆಯೇ. ನಿಮ್ಮ ಅಧ್ಯಾಯದ ಕೊನೆಯ ಸಾಲು ಜೊತೆಗಾರನಿಗೆ ಬಾಗಿಲು ತೆರೆಯಬೇಕು, ಅಗುಳಿ ಹಾಕಬಾರದು.

ಕೊನೆಯ ಪ್ರತಿಯನ್ನು ತಿದ್ದುವ ಕೈ ಮಾತ್ರ ಒಂದೇ ಇರಲಿ. ಯಾರ ಕೈಯೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮುಂದಿನ ಕಥೆಗೆ ಬೇಕಾದರೆ ಸರದಿ ಬದಲಾಗಲಿ. ಇನ್ನೊಬ್ಬರು ಬರೆದುದನ್ನು ಹೊಡೆದುಹಾಕುವ ಮುನ್ನ ಕಾರಣವನ್ನು ಹೇಳುವುದು ಸೌಜನ್ಯ. “ಚೆನ್ನಾಗಿಲ್ಲ” ಎಂಬುದು ಕಾರಣವಲ್ಲ, “ಗುತ್ತಿ ಹೀಗೆ ಮಾತನಾಡುವವನಲ್ಲ” ಎಂಬುದು ಕಾರಣ. ಮೊದಲ ಮಾತು ಮನುಷ್ಯನನ್ನು ನೋಯಿಸುತ್ತದೆ, ಎರಡನೆಯದು ಇಬ್ಬರನ್ನೂ ಪುಸ್ತಕದ ಬಳಿಗೆ ಕರೆದೊಯ್ಯುತ್ತದೆ.

ಕಾಯಿದೆಯ ಮಾತು

ಮನೆಯವರು ಓದಿ ಸಂತೋಷಪಡಲು ಬರೆದ ಕಥೆ ಒಂದು ಬಗೆ, ಅಚ್ಚು ಹಾಕಿಸಿ ಮಾರುವ ಕಥೆ ಇನ್ನೊಂದು ಬಗೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನ ಜೀವಿತಕಾಲವಿಡೀ, ಅವನು ತೀರಿಕೊಂಡ ಮರುವರ್ಷದ ಆರಂಭದಿಂದ ಇನ್ನೂ 60 ವರ್ಷ, ಕೃತಿಯ ಮೇಲೆ ಹಕ್ಕು ಉಳಿಯುತ್ತದೆ. ಕುವೆಂಪು ಅವರು 1994ರಲ್ಲಿ ತೀರಿಕೊಂಡರು. ಆದುದರಿಂದ ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೂ ಇರುತ್ತದೆ. ನಮ್ಮ ಅತ್ತಿಗೆ ನಾದಿನಿಯರು ತಮ್ಮ ಕಥೆಯನ್ನು ಪ್ರಕಟಿಸಬಯಸಿದರೆ ಹಕ್ಕುದಾರರ ಅನುಮತಿ ಕೇಳಬೇಕಾದದ್ದು ಧರ್ಮವೂ ಹೌದು, ವಿವೇಕವೂ ಹೌದು. ಅಷ್ಟು ತೊಡಕು ಬೇಡವೆನ್ನುವವರು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899), ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ (1915) ಇಂಥ ಕಾದಂಬರಿಗಳನ್ನು ಎತ್ತಿಕೊಳ್ಳಬಹುದು. ಅವುಗಳ ಹಕ್ಕಿನ ಅವಧಿ ಮುಗಿದು ಎಷ್ಟೋ ಕಾಲವಾಗಿದೆ. ಬಾಲವಿಧವೆ ಇಂದಿರೆ ಪಟ್ಟ ಪಾಡನ್ನು ಅವಳ ತಾಯಿಯ ಕಣ್ಣಿನಿಂದ ಬರೆದರೆ ಹೇಗಿದ್ದೀತು, ಯೋಚಿಸಿ ನೋಡಿ.

ಅದೇ ಕಾಯಿದೆ ಜೋಡಿ ಲೇಖಕರನ್ನೂ ನೆನೆದಿದೆ. ಇಬ್ಬರ ಪಾಲು ಬೇರೆ ಬೇರೆಯಾಗಿ ಗುರುತಿಸಲಾಗದಂತೆ ಬೆರೆತಿದ್ದರೆ ಅದನ್ನು ಜಂಟಿ ಕರ್ತೃತ್ವದ ಕೃತಿ ಎನ್ನುತ್ತದೆ. ಇಬ್ಬರಲ್ಲಿ ಕೊನೆಗೆ ತೀರಿಕೊಂಡವರ ಸಾವಿನಿಂದ ಆ 60 ವರ್ಷಗಳನ್ನು ಲೆಕ್ಕಹಾಕುತ್ತದೆ. ಒಣ ಕಾಯಿದೆಯಲ್ಲಿಯೂ ಎಂಥ ಕವಿತ್ವ! ಒಬ್ಬರು ಉಳಿದಿರುವವರೆಗೆ ಇಬ್ಬರೂ ಉಳಿದಂತೆಯೇ. ಹೆಸರುಗಳ ಕ್ರಮ, ಬಂದ ಹಣದ ಪಾಲು, ಒಬ್ಬರು ಬಿಟ್ಟುಹೋದರೆ ಕಥೆ ಯಾರದೆಂಬುದು, ಈ ಮೂರನ್ನು ಒಂದು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕುವುದರಿಂದ ಸ್ನೇಹಕ್ಕೆ ಕುಂದಿಲ್ಲ. “ಲೆಕ್ಕ ಚುಕ್ತಾ, ಸ್ನೇಹ ಪಕ್ಕಾ” ಎಂದು ಅಂಗಡಿಬೀದಿಯವರೂ ಬಲ್ಲರು.

ಎಳೆಯೂ ಅಂಟೂ

ಶಿಡ್ಲಘಟ್ಟದ ಸೀಮೆ ರೇಷ್ಮೆಗೆ ಹೆಸರಾದದ್ದು. ಅಲ್ಲಿ ಗೂಡಿನಿಂದ ನೂಲು ತೆಗೆಯುವುದನ್ನು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಒಂದು ಗೂಡಿನ ಎಳೆ ನೂರಾರು ಮೀಟರು ಉದ್ದವಿದ್ದರೂ ಅದೊಂದೇ ಮಗ್ಗಕ್ಕೆ ಬಾರದು, ಅಷ್ಟು ಸಣ್ಣದು. ಬಿಸಿನೀರಿನಲ್ಲಿ ಬೆಂದ ಹಲವು ಗೂಡುಗಳ ತುದಿಗಳನ್ನು ಹಿಡಿದು ಒಟ್ಟಿಗೆ ಎಳೆದಾಗಲೇ ನೂಲಾಗುವುದು. ನಡುವೆ ಒಂದು ಗೂಡಿನ ಎಳೆ ಮುಗಿದರೆ ನೂಲು ತೆಗೆಯುವಾಕೆ ಆ ಕ್ಷಣದಲ್ಲಿಯೇ ಇನ್ನೊಂದರ ತುದಿಯನ್ನು ಸೇರಿಸುತ್ತಾಳೆ. ತಡವಾದರೆ ನೂಲು ಅಲ್ಲಿ ತೆಳ್ಳಗಾಗಿ ಬೆಲೆ ಇಳಿಯುತ್ತದೆ. ಸರಿಯಾಗಿ ಸೇರಿದರೆ, ಯಾವ ಎಳೆ ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಮೊದಲಾಯಿತು ಎಂಬುದು ಸೀರೆ ಉಟ್ಟವರಿಗೆ ತಿಳಿಯುವುದೇ ಇಲ್ಲ.

ಈ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಹೊರಗಿನಿಂದ ತಂದದ್ದಲ್ಲ, ಗೂಡಿನಲ್ಲಿಯೇ ಇರುವಂಥದು. ಮೆಚ್ಚಿದ ಕಥೆಯ ಮೇಲೆ ಇಬ್ಬರಿಗೂ ಇರುವ ಪ್ರೀತಿಯೇ ಜೋಡಿ ಬರಹದ ಅಂಟು. ಅದೊಂದಿದ್ದರೆ ಶೈಲಿ ಬೇರೆಯಾಗಿರಲಿ, ಊರು ಬೇರೆಯಾಗಿರಲಿ, ಅಭಿಪ್ರಾಯವೂ ಬೇರೆಯಾಗಿರಲಿ, ಚಿಂತೆಯಿಲ್ಲ. ಅದಿಲ್ಲದಿದ್ದರೆ ಎಷ್ಟು ಕರಾರುಪತ್ರ ಬರೆದರೂ ನೂಲು ಹಿಡಿಯದು. ಮುಂದಿನ ರಜೆಯಲ್ಲಿ ನಿಮ್ಮ ಮನೆಗೆ ಬರುವ ಅಕ್ಕನೋ ಭಾವನೋ ಗೆಳತಿಯೋ ಯಾವ ಕಾದಂಬರಿಯನ್ನು ನೆನೆದು ನಿಟ್ಟುಸಿರಿಡುತ್ತಾರೆ ಎಂದು ಗಮನಿಸಿ. ಅದು ನಿಮ್ಮನ್ನೂ ಕಾಡಿದ ಕಾದಂಬರಿಯೇ ಆಗಿದ್ದರೆ ಒಂದು ನೋಟುಪುಸ್ತಕವನ್ನೂ ಎರಡು ಲೇಖನಿಗಳನ್ನೂ ಸಿದ್ಧವಾಗಿಡಿ.